ಮನೆ ಕೊಂಡಿರಿ, ಸರಿ. ಆ ನೆಲದ ಮೂಲ ಪತ್ರ ಓದಿದಿರಾ?

ಪ್ರಶ್ನೆ: ನಾವು ಮೈಸೂರಿನವರು, ಈಗ ಕೆನಡಾದ ಮಿಸಿಸಾಗಾದಲ್ಲಿದ್ದೇವೆ. ಹೋದ ವರ್ಷ ಇಲ್ಲಿನ ಪೌರತ್ವ ಸಿಕ್ಕಿತು. ಹತ್ತಿರದ ಲೈಬ್ರರಿಯಲ್ಲಿ ವರ್ಣಭೇದ ಮತ್ತು ಇಲ್ಲಿನ ಮೂಲನಿವಾಸಿಗಳ ಇತಿಹಾಸ ಓದುವ ಗುಂಪೊಂದಿದೆ. ಹೋಗಿ ಬಂದೆ. ಎಲ್ಲರೂ ತಮಗೆ ಎಷ್ಟು ಸಂಕಟವಾಯಿತು ಅಂತ ಹೇಳುತ್ತಾರೆ, ನನಗೆ ಬಾಯೇ ಬರುವುದಿಲ್ಲ. ಕನ್ನಡದ ಗೆಳತಿಯರೇ ಸೇರಿ ಒಂದು ಗುಂಪು ಮಾಡೋಣ ಅಂದರೆ "ನಾವು ಬಂದಿದ್ದೇ ಮೊನ್ನೆ, ಬಿಳಿಯರು ಮಾಡಿದ್ದಕ್ಕೂ ನಮಗೂ ಏನು ಸಂಬಂಧ?" ಅನ್ನುತ್ತಾರೆ. "ಅವರಿಗೆ ಟ್ಯಾಕ್ಸ್ ಇಲ್ಲ, ಎಲ್ಲ ಫ್ರೀ" ಅನ್ನುವವರೂ ಇದ್ದಾರೆ. ಎಂಟನೇ ಕ್ಲಾಸಿನ ಮಗಳು ಶಾಲೆಯಲ್ಲಿ ಕಲಿತು ಬಂದು ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಮನೆ ಇರುವ ನೆಲದಿಂದ ಶುರು ಮಾಡಿ.

ಒಂಟಾರಿಯೊದಲ್ಲಿ ಇಂಥ ಓದುಗರ ಗುಂಪುಗಳನ್ನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. "ನಿಮಗೆ ಏನನ್ನಿಸಿತು?" ಅಂತ ಶುರುವಾಗುವ ಗುಂಪುಗಳು ಬೇಗ ಸುಸ್ತಾಗುತ್ತವೆ. ಅನ್ನಿಸಿದ್ದನ್ನು ಹೇಳಿ ಮುಗಿದ ಮೇಲೆ ಮಾತಿಗೆ ಏನೂ ಉಳಿಯುವುದಿಲ್ಲ. "ಈ ಕಾಗದದಲ್ಲಿ ಏನು ಬರೆದಿದೆ?" ಅಂತ ಶುರು ಮಾಡಿದ ಗುಂಪುಗಳು ಮುಂದುವರಿಯುತ್ತವೆ. ಯಾಕೆಂದರೆ ಒಂದು ಕಾಗದ ಇನ್ನೊಂದು ಕಾಗದಕ್ಕೆ ಕರೆದುಕೊಂಡು ಹೋಗುತ್ತದೆ. ನೀವು ಲೈಬ್ರರಿಯಲ್ಲಿ ಸುಮ್ಮನೆ ಕೂತಿದ್ದರಲ್ಲಿ ತಪ್ಪೇನೂ ಇಲ್ಲ. ಅತ್ತು ತೋರಿಸುವ ಹಂಗು ಯಾರಿಗೂ ಬೇಡ. ಮುಂದಿನ ಸಲ ಪುಸ್ತಕದ ಒಂದು ವಾಕ್ಯದ ಮೇಲೆ ಬೆರಳಿಟ್ಟು "ಇದು ಯಾವ ಕಾನೂನಿನ ಪ್ರಕಾರ ನಡೆಯಿತು?" ಅಂತ ಕೇಳಿ ನೋಡಿ. ಮಾತು ತಾನಾಗಿಯೇ ಬೇರೆ ದಾರಿ ಹಿಡಿಯುತ್ತದೆ.

ಈಗ ನೆಲದ ವಿಷಯ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಸೈಟು ಕೊಳ್ಳುವಾಗ ನಾವು ಏನೆಲ್ಲ ಕೇಳುತ್ತೇವೆ? ಮೂಲ ಪತ್ರ ಎಲ್ಲಿ, ಇಸಿ ಎಷ್ಟು ವರ್ಷದ್ದಿದೆ, ಖಾತೆ ಯಾರ ಹೆಸರಲ್ಲಿದೆ, ವಂಶವೃಕ್ಷ ತನ್ನಿ. ಮದುವೆಯಾಗಿ ಹೋದ ಅಕ್ಕ ಒಬ್ಬರು ಸಹಿ ಹಾಕಿಲ್ಲ ಅಂದರೆ ಅಡ್ವಾನ್ಸ್ ಕೊಡದೆ ಎದ್ದು ಬರುತ್ತೇವೆ. ಇಲ್ಲಿ ಮನೆ ಕೊಳ್ಳುವಾಗ ವಕೀಲರು ಟೈಟಲ್ ನೋಡುತ್ತಾರೆ, ಟೈಟಲ್ ಇನ್ಶೂರೆನ್ಸ್ ತೆಗೆದುಕೊಂಡು ಸಹಿ ಹಾಕಿಬಿಡುತ್ತೇವೆ. ಅದರ ಹಿಂದೆ, ಮೊಟ್ಟಮೊದಲು ಕೊಟ್ಟವರು ಯಾರು, ಯಾವ ಪತ್ರದ ಮೇಲೆ ಕೊಟ್ಟರು ಅಂತ ನಾವು ಕೇಳುವುದೇ ಇಲ್ಲ. ನಿಮ್ಮ ಗುಂಪಿನ ಮೊದಲ ಕೆಲಸ ಆ ಪತ್ರ ಹುಡುಕುವುದು. ಹೀಗೆ ಹೇಳಿದರೆ "ನಮಗೇನು ಸಂಬಂಧ" ಅನ್ನುವ ಗೆಳತಿಯರಿಗೂ ಕುತೂಹಲ ಹುಟ್ಟುತ್ತದೆ. ಜಮೀನಿನ ಕಾಗದ ಓದುವುದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಪಕ್ಕದ ಟೊರಾಂಟೊದ ಪತ್ರದಿಂದಲೇ ಶುರು ಮಾಡಬಹುದು. 1787ರಲ್ಲಿ ಬ್ರಿಟಿಷ್ ಅಧಿಕಾರಿಗಳು ಮಿಸಿಸಾಗಾ ಅನ್ನುವ ಮೂಲನಿವಾಸಿ ಜನರ ಮುಖಂಡರ ಜೊತೆ ಕೂತು ಈ ಪ್ರದೇಶವನ್ನು ಪಡೆದುಕೊಂಡೆವು ಅಂದರು. ಬಂದೂಕಿನ ಚಕಮಕಿ ಕಲ್ಲು, ಬಟ್ಟೆ, ಹಿತ್ತಾಳೆ ಪಾತ್ರೆ, ಕನ್ನಡಿ, ರಮ್ ಕೊಟ್ಟರು. ಕೆಲವು ವರ್ಷಗಳ ಮೇಲೆ ಪತ್ರ ತೆಗೆದು ನೋಡಿದರೆ ಅದು ಖಾಲಿ. ಜಾಗದ ವಿವರವೇ ಇಲ್ಲ, ಚಕ್ಕುಬಂದಿ ಇಲ್ಲ. ಮುಖಂಡರ ಗುರುತುಗಳಿದ್ದ ಬೇರೆ ಚೀಟಿಗಳನ್ನು ಅದಕ್ಕೆ ಅಂಟಿಸಿದ್ದರು. ಆ ಪತ್ರಕ್ಕೆ ಬೆಲೆ ಇಲ್ಲ ಅಂತ ಅಧಿಕಾರಿಗಳಿಗೆ ಗೊತ್ತಿತ್ತು, ಮಿಸಿಸಾಗಾ ಜನರಿಗೆ ಹೇಳಲಿಲ್ಲ. 1805ರಲ್ಲಿ ಹಳೆಯದನ್ನು ಖಚಿತ ಮಾಡಿಕೊಳ್ಳುತ್ತೇವೆ ಅಂತ ಹೊಸ ಪತ್ರ ಮಾಡಿ, 2,50,830 ಎಕರೆಗೆ 10 ಶಿಲ್ಲಿಂಗ್ ಅಂತ ಬರೆದರು. ಇದು ದಂತಕಥೆ ಅಲ್ಲ. ಇದೇ ವಿಷಯದ ಮೇಲೆ ಕೆನಡಾ ಸರ್ಕಾರ 2010ರಲ್ಲಿ 14.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನಿಮ್ಮ ಊರಿನ ಪತ್ರಗಳು ಇದರ ಮುಂದಿನವು. ಒಂಟಾರಿಯೊ ಕೆರೆಯ ದಂಡೆಯ ಭಾಗ 1806ರ ಒಪ್ಪಂದದಲ್ಲಿ ಹೋಯಿತು. ಮಿಸಿಸಾಗಾದ ಉತ್ತರ ಭಾಗ, ಬ್ರಾಂಪ್ಟನ್ ಎಲ್ಲ ಸೇರಿ 6,48,000 ಎಕರೆ 1818ರಲ್ಲಿ ಹೋಯಿತು. ಅದಕ್ಕೆ ವರ್ಷಕ್ಕೆ 522 ಪೌಂಡ್ 10 ಶಿಲ್ಲಿಂಗ್ ಬೆಲೆಯ ಸಾಮಾನು ಅಂತ ಮಾತಾಯಿತು. ಕ್ರೆಡಿಟ್ ನದಿಯ ಪಕ್ಕ ತಮಗೆ ಅಂತ ಉಳಿಸಿಕೊಂಡಿದ್ದ ಜಾಗದಲ್ಲೂ ಹೆಚ್ಚಿನದು 1820ರಲ್ಲಿ ಕೈಬಿಟ್ಟಿತು. 1847ರಲ್ಲಿ ಆ ಜನ ಹಳ್ಳಿ ಬಿಟ್ಟು ಹೇಗರ್ಸ್‌ವಿಲ್ ಹತ್ತಿರ ಹೋಗಿ ನೆಲೆಸಿದರು. ಅಲ್ಲಿ ಜಾಗ ಕೊಟ್ಟವರು ಸರ್ಕಾರ ಅಲ್ಲ, ಸಿಕ್ಸ್ ನೇಷನ್ಸ್ ಅನ್ನುವ ಇನ್ನೊಂದು ಮೂಲನಿವಾಸಿ ಜನ. ಹಳ್ಳಿ ಬಿಟ್ಟು ಹೋದ ಮಿಸಿಸಾಗಾ ಜನರ ವಂಶದವರು ಇವತ್ತೂ ಅಲ್ಲೇ ಇದ್ದಾರೆ, ಮಿಸಿಸಾಗಾಸ್ ಆಫ್ ದಿ ಕ್ರೆಡಿಟ್ ಅಂತ. ತಮ್ಮ ಒಪ್ಪಂದಗಳ ಕಥೆಯನ್ನು ತಾವೇ ಬರೆದು ಪ್ರಕಟಿಸಿದ್ದಾರೆ. ಸರ್ಕಾರದ ಪತ್ರವನ್ನು ಒಂದು ಕಡೆ, ಅವರ ಬರಹವನ್ನು ಇನ್ನೊಂದು ಕಡೆ ಇಟ್ಟುಕೊಂಡು ಓದಿ. ನೆಲವನ್ನು ಹಂಚಿಕೊಂಡು ಬಾಳುವ ಮಾತು ಅಂದುಕೊಂಡು ಕೂತವರಿಗೂ, ಶಾಶ್ವತ ಕ್ರಯ ಅಂತ ಬರೆದುಕೊಂಡವರಿಗೂ ನಡುವೆ ಎಷ್ಟು ಅಂತರ ಇತ್ತು ಅಂತ ಆಗ ಗೊತ್ತಾಗುತ್ತದೆ.

ಮೊದಲ ಸಭೆಗೆ ಇಷ್ಟು ಸಾಕು. ಓದನ್ನು ಮನೆಗೆ ಹೋಂವರ್ಕ್ ಥರ ಕೊಡಬೇಡಿ. ಕೆಲಸ, ಅಡುಗೆ, ಮಕ್ಕಳ ಕ್ಲಾಸು ಅಂತ ಓಡಾಡುವವರು ಓದಿರುವುದಿಲ್ಲ, ಓದಿಲ್ಲ ಅನ್ನುವ ಸಂಕೋಚಕ್ಕೇ ಮುಂದಿನ ಸಲ ಬರುವುದಿಲ್ಲ. ಎಂಟು ಹತ್ತು ಜನ ಸೇರಿ, ಎರಡು ಮೂರು ಪುಟ, ಅಲ್ಲೇ ಸರದಿಯಲ್ಲಿ ಗಟ್ಟಿಯಾಗಿ ಓದಿ. ಓದು ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ. ಸರ್ಕಾರಿ ಇಂಗ್ಲಿಷಿನ ಒಂದು ಉದ್ದನೆಯ ವಾಕ್ಯವನ್ನು ಬಿಡಿಸಿ "ಅಂದರೆ ಏನಂತೆ?" ಅಂತ ಕನ್ನಡದಲ್ಲಿ ಹೇಳಿಕೊಳ್ಳುವಾಗಲೇ ಅದರ ಕ್ರೂರತನ ಬಯಲಾಗುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಎರಡನೇ ಸಭೆಗೆ 1876ರ ಇಂಡಿಯನ್ ಆಕ್ಟ್ ತೆಗೆದುಕೊಳ್ಳಿ. ಇಲ್ಲಿ ಇಂಡಿಯನ್ ಅಂದರೆ ನಾವಲ್ಲ, ಇಲ್ಲಿನ ಮೂಲನಿವಾಸಿಗಳು. ತಿದ್ದುಪಡಿಗಳೊಂದಿಗೆ ಈ ಕಾನೂನು ಇವತ್ತಿಗೂ ಜಾರಿಯಲ್ಲಿದೆ. ಇಡೀ ಕಾನೂನು ಓದಬೇಕಿಲ್ಲ, ಎರಡು ವಿಷಯ ಸಾಕು. ಒಂದು, ಹೆಂಗಸರದ್ದು. ಈ ಕಾನೂನಿನ ಪಟ್ಟಿಯಲ್ಲಿದ್ದ ಹೆಂಗಸು ಪಟ್ಟಿಯಲ್ಲಿಲ್ಲದ ಗಂಡಸನ್ನು ಮದುವೆಯಾದರೆ ಅವಳ ಹೆಸರು ಪಟ್ಟಿಯಿಂದ ಹೋಗುತ್ತಿತ್ತು. ಹುಟ್ಟಿದ ಊರಿನಲ್ಲಿ ಇರುವ ಹಕ್ಕು, ತಂದೆಯ ಮನೆಯ ಹಕ್ಕು, ಎಲ್ಲ ಹೋಗುತ್ತಿತ್ತು. ಅದೇ ಪಟ್ಟಿಯಲ್ಲಿದ್ದ ಗಂಡಸು ಬಿಳಿ ಹೆಂಗಸನ್ನು ಮದುವೆಯಾದರೆ ಅವಳಿಗೆ ಪಟ್ಟಿಯಲ್ಲಿ ಜಾಗ ಸಿಗುತ್ತಿತ್ತು. ಇದು ಬದಲಾಗಿದ್ದು 1985ರಲ್ಲಿ. ನಿಮ್ಮ ಗೆಳತಿಯರಲ್ಲಿ ಎಷ್ಟೋ ಜನ ಆಗಲೇ ಹುಟ್ಟಿದ್ದರು, ಅಲ್ವಾ?

ಎರಡನೆಯದು 1927ರ 141ನೇ ಕಲಂ. ಮೂಲನಿವಾಸಿಗಳು ತಮ್ಮ ಭೂಮಿಯ ವಿಷಯಕ್ಕೆ ದಾವೆ ಹೂಡಲು ಸರ್ಕಾರದ ಅನುಮತಿ ಇಲ್ಲದೆ ದುಡ್ಡು ಕೂಡಿಸುವಂತಿಲ್ಲ. ಕೂಡಿಸಿದರೆ ಅಪರಾಧ. ವಕೀಲರನ್ನು ಇಟ್ಟುಕೊಳ್ಳುವ ದಾರಿಯನ್ನೇ ಹೀಗೆ ಮುಚ್ಚಿದರು. ಇದು 1951ರವರೆಗೆ ಇತ್ತು. ಖಾಲಿ ಪತ್ರದ ಮೇಲೆ ನೆಲ ಹೋಯಿತು, ಆಮೇಲೆ ಆ ಪತ್ರವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಬಾಗಿಲೂ ಬಂದ್ ಆಯಿತು. ಮೊದಲ ಸಭೆಯನ್ನೂ ಎರಡನೇ ಸಭೆಯನ್ನೂ ಹೀಗೆ ಜೋಡಿಸಿದರೆ, ವರ್ಣಭೇದ ಅಂದರೆ ಬಸ್ಸಿನಲ್ಲಿ ಯಾರೋ ಬೈಯುವುದು ಮಾತ್ರ ಅಲ್ಲ, ಕಚೇರಿಯಲ್ಲಿ ಕೂತು ಬರೆದ ಕಲಂ ಕೂಡ ಅಂತ ನೀವು ಯಾರಿಗೂ ಭಾಷಣ ಮಾಡಬೇಕಾಗುವುದಿಲ್ಲ.

"ಟ್ಯಾಕ್ಸ್ ಇಲ್ಲ, ಎಲ್ಲ ಫ್ರೀ" ಅನ್ನುವ ಮಾತು ಇಲ್ಲೇ ಬರುತ್ತದೆ. ಬರಲಿ, ತಡೆಯಬೇಡಿ. ಇಲ್ಲಿನ ಮೂಲನಿವಾಸಿಗಳಲ್ಲಿ ಫಸ್ಟ್ ನೇಷನ್ಸ್, ಇನುಯಿಟ್, ಮೇಟಿ ಅಂತ ಮೂರು ಗುಂಪು. ಇನುಯಿಟ್ ಮತ್ತು ಮೇಟಿ ಜನ ಎಲ್ಲರಂತೆ ತೆರಿಗೆ ಕಟ್ಟುತ್ತಾರೆ. ಫಸ್ಟ್ ನೇಷನ್ಸ್ ಜನರಲ್ಲಿ ಕಾನೂನಿನ ಪಟ್ಟಿಯಲ್ಲಿರುವವರಿಗೆ ಮಾತ್ರ, ಅದೂ ಮುಖ್ಯವಾಗಿ ರಿಸರ್ವ್, ಅಂದರೆ ಅವರಿಗೆ ಅಂತ ಬಿಟ್ಟ ನೆಲದ ಒಳಗಿನ ಸಂಪಾದನೆಗೆ, ಆಸ್ತಿಗೆ ವಿನಾಯಿತಿ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ರಿಸರ್ವ್ ಹೊರಗೆ ಇದ್ದಾರೆ, ಹೊರಗೆ ದುಡಿದರೆ ಸಾಮಾನ್ಯವಾಗಿ ನಿಮ್ಮಂತೆಯೇ ಟ್ಯಾಕ್ಸ್. ರಿಸರ್ವ್ ನೆಲದ ಒಡೆತನ ಕಾನೂನಿನಲ್ಲಿ ರಾಜಪ್ರಭುತ್ವದ ಹೆಸರಿನಲ್ಲಿದೆ, ಹಾಗಾಗಿ ನಾವು ಮನೆಗೆ ಸಾಲ ತೆಗೆದ ಹಾಗೆ ಅದನ್ನು ಅಡವಿಟ್ಟು ಸಾಲ ತೆಗೆಯುವುದು ಸುಲಭ ಅಲ್ಲ. ಇನ್ನು ಫ್ರೀ ಅನ್ನುವುದರ ಲೆಕ್ಕ. ಹ್ಯೂರಾನ್ ಮತ್ತು ಸುಪೀರಿಯರ್ ಕೆರೆಗಳ ಉತ್ತರದ ನೆಲಕ್ಕೆ 1850ರಲ್ಲಿ ರಾಬಿನ್ಸನ್ ಒಪ್ಪಂದಗಳಾದವು. ನೆಲದ ಆದಾಯ ಹೆಚ್ಚಿದ ಹಾಗೆ ವರ್ಷದ ಹಣವೂ ಹೆಚ್ಚುತ್ತದೆ ಅಂತ ಮಾತು. ಆ ನೆಲದಿಂದ ಗಣಿ, ಮರ ಅಂತ ಅಪಾರ ಸಂಪತ್ತು ಹೊರಬಂತು. ತಲೆಗೆ ವರ್ಷಕ್ಕೆ ಕೊಡುವ ಹಣ 1875ರಿಂದ 4 ಡಾಲರಿನಲ್ಲೇ ನಿಂತಿತು. ಸರ್ಕಾರ ಮಾತು ತಪ್ಪಿದೆ ಅಂತ 2024ರಲ್ಲಿ ಕೆನಡಾದ ಸುಪ್ರೀಂ ಕೋರ್ಟೇ ಹೇಳಿತು. ಅದು ಫ್ರೀ ಅಲ್ಲ, ಬಾಕಿ.

ಈ ಮಾತು ನಮ್ಮವರ ಬಾಯಲ್ಲಿ ಇಷ್ಟು ಸಲೀಸಾಗಿ ಯಾಕೆ ಬರುತ್ತದೆ ಅಂತಲೂ ಗುಂಪಿನಲ್ಲಿ ಕೇಳಿಕೊಳ್ಳಿ. ಊರಿನಲ್ಲಿ ಮೀಸಲಾತಿಯ ಬಗ್ಗೆ ಊಟದ ಹೊತ್ತಲ್ಲಿ ಆಡಿದ ಮಾತನ್ನೇ ಇಲ್ಲಿ ಇನ್ನೊಬ್ಬರ ಮೇಲೆ ಆಡುತ್ತಿದ್ದೇವೆ. ಇಲ್ಲಿಗೆ ಬಂದ ನಮ್ಮಲ್ಲಿ ಯಾವ ಜಾತಿಯವರು ಜಾಸ್ತಿ, ಯಾರಿಗೆ ಮೊದಲು ಓದು ಸಿಕ್ಕಿತು, ಯಾರಿಗೆ ಸಿಗಲಿಲ್ಲ? ಈ ಪ್ರಶ್ನೆ ಬಂದಾಗ ಕೋಣೆಯಲ್ಲಿ ಇರುಸುಮುರುಸು ಆಗುತ್ತದೆ, ಆದರೂ ಕೇಳಲೇಬೇಕು. ಟೊರಾಂಟೊ ಶಾಲಾ ಮಂಡಳಿ 2023ರಲ್ಲಿ ಜಾತಿ ತಾರತಮ್ಯ ತನ್ನ ಶಾಲೆಗಳಲ್ಲೂ ಇದೆ ಅಂತ ಒಪ್ಪಿಕೊಂಡಿತು. ಒಂಟಾರಿಯೊ ಮಾನವ ಹಕ್ಕುಗಳ ಆಯೋಗವೂ ಅದೇ ವರ್ಷ ಜಾತಿಯ ಬಗ್ಗೆ ತನ್ನ ನಿಲುವು ಪ್ರಕಟಿಸಿತು. ಬಿಳಿಯರ ವರ್ಣಭೇದ ಓದುತ್ತೇವೆ, ನಮ್ಮದನ್ನು ಮುಟ್ಟುವುದಿಲ್ಲ ಅನ್ನುವ ಗುಂಪು ನನ್ನ ಕಣ್ಣಿಗೆ ಅರ್ಧ ಓದುವ ಗುಂಪು.

"ನಮ್ಮನ್ನೂ ಬ್ರಿಟಿಷರೇ ಆಳಿದರಲ್ಲ" ಅನ್ನುವವರೂ ಇರುತ್ತಾರೆ. ನಿಜವೇ. 1871ರಲ್ಲಿ ಇಂಡಿಯಾದಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂದ ಕಾನೂನು ಬಂತು, ಐದು ವರ್ಷದ ಮೇಲೆ ಕೆನಡಾದಲ್ಲಿ ಇಂಡಿಯನ್ ಆಕ್ಟ್. ಒಂದೇ ಸಾಮ್ರಾಜ್ಯದ ನೆರಳು. ಇಲ್ಲಿ ನಮ್ಮವರ ಮೇಲೂ ಕಾನೂನಿನ ಏಟು ಬಿದ್ದಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ 1907ರಲ್ಲಿ ನಮ್ಮ ಕಡೆಯವರ ಮತದಾನದ ಹಕ್ಕು ಕಿತ್ತುಕೊಂಡರು, 1947ರವರೆಗೆ ವಾಪಸು ಕೊಡಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ 376 ಜನ ವ್ಯಾಂಕೂವರ್‌ಗೆ ಬಂದರು. ಬಹುತೇಕ ಎಲ್ಲರನ್ನೂ ಇಳಿಯಲು ಬಿಡದೆ ವಾಪಸು ಅಟ್ಟಿದರು. ಆದರೆ ಆಳಿಸಿಕೊಂಡವರೆಲ್ಲ ಒಂದೇ ಆಗುವುದಿಲ್ಲ. ನಾಗರಹೊಳೆಯ ಕಾಡಿನಿಂದ ಜೇನುಕುರುಬರನ್ನು ಹೊರಗೆ ಹಾಕಿದ್ದು ಬ್ರಿಟಿಷರಲ್ಲ. ಸ್ವಾತಂತ್ರ್ಯ ಬಂದ ಎಷ್ಟೋ ವರ್ಷದ ಮೇಲೆ, ನಮ್ಮದೇ ಸರ್ಕಾರ, ಹುಲಿ ಉಳಿಸುವ ಹೆಸರಿನಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ ಹಿಡಿದು ಅಲೆದಿದ್ದಾರೆ. 2025ರಲ್ಲಿ ಕೆಲವು ಕುಟುಂಬಗಳು ಕಾಡಿನೊಳಗಿನ ತಮ್ಮ ಹಳೆಯ ಊರಿಗೆ, ಅಂದರೆ ಹಾಡಿಗೆ, ವಾಪಸು ಹೋಗಿ ಗುಡಿಸಲು ಹಾಕಿದವು. ಮೈಸೂರಿನಿಂದ ಸಫಾರಿಗೆ ಹೋಗಿ ಬಂದ ನಮ್ಮಲ್ಲಿ ಎಷ್ಟು ಜನ ಆ ಹಾಡಿಗಳ ಹೆಸರು ಕೇಳಿದ್ದೇವೆ?

ಅಷ್ಟಾದರೂ ಗೆಳತಿಯರಿಗೆ ಕಾರಣ ಬೇಕು ಅಂದರೆ ಪೌರತ್ವದ ಪ್ರಮಾಣ ನೆನಪಿಸಿ. ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಕೆನಡಾದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಶಿಫಾರಸು ಮಾಡಿತು. ಕೊನೆಯ ಎರಡು ನಮ್ಮಂಥ ವಲಸೆಗಾರರಿಗೇ ಸಂಬಂಧಿಸಿದವು. 94ನೆಯದರಂತೆ 2021ರಲ್ಲಿ ಪ್ರಮಾಣವಚನ ಬದಲಾಯಿತು. ಹೋದ ವರ್ಷ ನೀವು ಕೈಯೆತ್ತಿ ಹೇಳಿದ ಮಾತಿನಲ್ಲಿ ಫಸ್ಟ್ ನೇಷನ್ಸ್, ಇನುಯಿಟ್, ಮೇಟಿ ಜನರ ಮೂಲ ಹಕ್ಕು ಮತ್ತು ಒಪ್ಪಂದದ ಹಕ್ಕುಗಳನ್ನು ಸಂವಿಧಾನ ಮಾನ್ಯ ಮಾಡುತ್ತದೆ ಅಂತ ಇದೆ. ಆ ಸಂವಿಧಾನವನ್ನು ಪಾಲಿಸುತ್ತೇನೆ ಅಂದಿದ್ದೀರಿ. ಯಾವ ಒಪ್ಪಂದ ಅಂತ ಓದುವುದು ಈಗ ನಿಮ್ಮ ಕೆಲಸವೂ ಹೌದು.

ಇನ್ನು ಆ ವಸತಿ ಶಾಲೆಗಳು. ಮಗಳು ಕೇಳುತ್ತಿರುವುದು ಹೆಚ್ಚಾಗಿ ಇದನ್ನೇ ಇರಬೇಕು. ಇದನ್ನು ಮೊದಲ ಸಭೆಗೆ ತರಬೇಡಿ, ನೆಲ ಮತ್ತು ಕಾನೂನು ಗೊತ್ತಾದ ಮೇಲೆ ತನ್ನಿ. ಇಲ್ಲದಿದ್ದರೆ ಯಾರೋ ಕೆಟ್ಟ ಮೇಷ್ಟ್ರುಗಳ ಕಥೆ ಅಂತಾಗಿಬಿಡುತ್ತದೆ. ಸರ್ಕಾರ ದುಡ್ಡು ಕೊಟ್ಟು, ಚರ್ಚುಗಳು ನಡೆಸಿದ ಈ ವಸತಿ ಶಾಲೆಗಳಿಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಕಳಿಸಿದರು. ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಮನೆ ಮಾತು ಆಡಿದರೆ ಹೊಡೆತ, ಕೂದಲು ಕತ್ತರಿಸುವುದು, ಹಸಿವು, ದುಡಿಮೆ, ಎಷ್ಟೋ ಮಕ್ಕಳಿಗೆ ಲೈಂಗಿಕ ಹಿಂಸೆ. ಸತ್ತ 3,200 ಮಕ್ಕಳ ದಾಖಲೆ ಆಯೋಗಕ್ಕೆ ಸಿಕ್ಕಿತು, ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿ ಅಂತ ಆಯೋಗವೇ ಹೇಳಿದೆ. ಆ ದಾಖಲೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಮಗುವಿನ ಹೆಸರನ್ನೇ ಬರೆದಿಲ್ಲ.

"ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆಗ ಡಾಕ್ಟರ್ ಪೀಟರ್ ಬ್ರೈಸ್ ವರದಿ ತೆಗೆಯಿರಿ. ಅವರು ಸರ್ಕಾರದ್ದೇ ವೈದ್ಯಾಧಿಕಾರಿ. 1907ರಲ್ಲಿ ಪಶ್ಚಿಮ ಭಾಗದ ಶಾಲೆಗಳನ್ನು ನೋಡಿ, ವಿವರ ಕೊಟ್ಟ ಶಾಲೆಗಳಲ್ಲಿ ಕಲಿತ ಮಕ್ಕಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸತ್ತಿದ್ದಾರೆ, ಹೆಚ್ಚಾಗಿ ಕ್ಷಯದಿಂದ, ಒಂದು ಶಾಲೆಯಲ್ಲಂತೂ ಬಿಟ್ಟು ಹೋದವರಲ್ಲಿ 69% ಸತ್ತಿದ್ದಾರೆ ಅಂತ ಬರೆದರು. ಗಾಳಿ ಆಡದ ಮಲಗುವ ಕೋಣೆಗಳ ಬಗ್ಗೆ ಬರೆದರು. ಆಗಲೇ ಪೇಪರಿನಲ್ಲೂ ಬಂತು. ಸರ್ಕಾರ ಏನು ಮಾಡಿತು? 1920ರಲ್ಲಿ ಕಾನೂನು ತಿದ್ದಿ, ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಅಂತ ಕಡ್ಡಾಯ ಮಾಡುವ ಅಧಿಕಾರ ತೆಗೆದುಕೊಂಡಿತು. ನೌಕರಿ ಮುಗಿದ ಮೇಲೆ 1922ರಲ್ಲಿ ಬ್ರೈಸ್ ಇದನ್ನೆಲ್ಲ ಸಣ್ಣ ಹೊತ್ತಗೆಯಾಗಿ ತಾವೇ ಹೊರತಂದರು. ಚಿಕ್ಕದು, ಒಂದೇ ಸಭೆಯಲ್ಲಿ ಓದಿ ಮುಗಿಸಬಹುದು. ಒಬ್ಬ ಅಧಿಕಾರಿ ಹೇಳಬೇಕಾದ್ದನ್ನು ಹೇಳಿದರೂ ಕಚೇರಿ ಕಿವಿಗೆ ಹಾಕಿಕೊಳ್ಳದೆ ಇರುವುದು ಹೇಗೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಓದು ನನಗೆ ಗೊತ್ತಿಲ್ಲ.

ಬದುಕಿ ಉಳಿದವರ ಹೇಳಿಕೆಗಳನ್ನೂ ಓದಿ. ಆಯೋಗ 6,750ಕ್ಕೂ ಹೆಚ್ಚು ಜನರ ಮಾತು ದಾಖಲಿಸಿದೆ, ಅದರಿಂದ ಆಯ್ದ ಸಂಪುಟ ಉಚಿತವಾಗಿ ಸಿಗುತ್ತದೆ. ಒಂದು ಸಲಕ್ಕೆ ಒಬ್ಬರದೋ ಇಬ್ಬರದೋ ಸಾಕು. ಓದಿದ ತಕ್ಷಣ ಯಾರೂ ಮಾತಾಡಬೇಕಾಗಿಲ್ಲ. ಯಾರಾದರೂ ಅತ್ತರೆ ಅಳಲಿ, ಆದರೆ ಇಡೀ ಸಭೆ ಅವರನ್ನು ಸಮಾಧಾನ ಮಾಡುವ ಸಭೆ ಆಗಬಾರದು. ಗುಂಪಿನಲ್ಲೇ ಯಾರಿಗಾದರೂ ಹಾಸ್ಟೆಲಿನಲ್ಲಿ, ಮನೆಯಲ್ಲಿ ಹಿಂಸೆ ಆಗಿರಬಹುದು. ಇಂಥದ್ದು ಓದುತ್ತೇವೆ ಅಂತ ಮುಂಚೆಯೇ ಹೇಳಿ, ಎದ್ದು ಹೋಗಲು ಅವಕಾಶ ಇರಲಿ.

ಒಂದು ಮುಖ್ಯ ಮಾತು. ಮೂಲನಿವಾಸಿ ಸಮುದಾಯದವರನ್ನು ಮೊದಲ ಸಭೆಗೇ ಕರೆದು "ನಮಗೆ ಎಲ್ಲ ಹೇಳಿಕೊಡಿ" ಅನ್ನಬೇಡಿ. ಪಬ್ಲಿಕ್ ಆಗಿ ಸಿಗುವುದನ್ನು ಮೊದಲು ನೀವು ಓದಿ. ಆಮೇಲೆ ಕರೆದರೆ ಗೌರವಧನ ಕೊಡಿ, ಹೇಗೆ ಬರಮಾಡಿಕೊಳ್ಳಬೇಕು ಅಂತ ಅವರನ್ನೇ ಕೇಳಿ, ಯಾವ ವಿಷಯ ಮಾತಾಡಬೇಕು ಅನ್ನುವುದನ್ನೂ ಅವರಿಗೇ ಬಿಡಿ. "ನಿಮಗೂ ಹಾಗೆ ಆಗಿತ್ತಾ?" ಅಂತ ಯಾರ ಗಾಯವನ್ನೂ ಕೆದಕಬೇಡಿ.

ಇದೆಲ್ಲ ಹಳೆಯ ಕಥೆ ಅನ್ನಿಸಲು ಶುರುವಾದರೆ ಇತ್ತೀಚಿನದನ್ನು ತನ್ನಿ. ವಿನ್ನಿಪೆಗ್ ನಗರ 1919ರಿಂದ ಕುಡಿಯುತ್ತಿರುವುದು ಶೋಲ್ ಲೇಕ್ ನೀರನ್ನು. ಆ ಕೆರೆಯ ದಂಡೆಯ ಶೋಲ್ ಲೇಕ್ 40 ಫಸ್ಟ್ ನೇಷನ್ ಜನ 1997ರಿಂದ 2021ರವರೆಗೆ ನಲ್ಲಿ ನೀರು ಕುದಿಸದೆ ಕುಡಿಯುವ ಹಾಗಿರಲಿಲ್ಲ. 2020ರಲ್ಲಿ ಕ್ಯೂಬೆಕ್‌ನ ಜೋಲಿಯೆಟ್ ಆಸ್ಪತ್ರೆಯಲ್ಲಿ ಜಾಯ್ಸ್ ಎಚಕ್ವಾನ್ ಅನ್ನುವ, ಅಟಿಕಾಮೆಕ್ ಮೂಲನಿವಾಸಿ ಸಮುದಾಯದ ತಾಯಿ ನೋವಿನಲ್ಲಿ ಮಲಗಿದ್ದಾಗ ಸಿಬ್ಬಂದಿ ಆಡಿದ ಹೀನ ಮಾತು ಅವರ ಫೋನಿನಲ್ಲೇ ನೇರ ಪ್ರಸಾರ ಆಯಿತು, ಸ್ವಲ್ಪ ಹೊತ್ತಿಗೆ ಅವರು ತೀರಿಕೊಂಡರು. ಆ ಸಾವಿನಲ್ಲಿ ವರ್ಣಭೇದದ ಪಾಲಿತ್ತು ಅಂತ ತನಿಖೆ ನಡೆಸಿದ ಕರೋನರ್ ಹೇಳಿದರು. ನಿಮ್ಮ ಗುಂಪಿನಲ್ಲಿ ಡಾಕ್ಟರೋ ನರ್ಸೋ ಇದ್ದರೆ ಈ ವರದಿ ಓದುವ ಸಭೆಯನ್ನು ಅವರೇ ನಡೆಸಲಿ. 2021ರ ಜನಗಣತಿಯಲ್ಲಿ 14 ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು 7.7%, ಸರ್ಕಾರ ಬೇರೆಯವರ ಮನೆಯಲ್ಲಿ ಸಾಕಲು ಇಟ್ಟ ಮಕ್ಕಳಲ್ಲಿ 53.8%. ಮಕ್ಕಳನ್ನು ಮನೆಯಿಂದ ತೆಗೆಯುವುದು ಶಾಲೆ ಮುಚ್ಚಿದ ಮೇಲೂ ನಿಂತಿಲ್ಲ.

ಮಗಳ ವಿಷಯಕ್ಕೆ ಬರೋಣ. ಎಂಟನೇ ಕ್ಲಾಸಿನ ಮಗುವಿಗೆ ಮುಚ್ಚಿಡಬೇಡಿ, ಅವಳಿಗೆ ಆಗಲೇ ಗೊತ್ತಿದೆ. ಸೆಪ್ಟೆಂಬರ್ 30ಕ್ಕೆ ಶಾಲೆಗೆ ಕಿತ್ತಳೆ ಅಂಗಿ ಯಾಕೆ ಹಾಕುತ್ತೀರಿ ಅಂತ ಅವಳನ್ನೇ ಕೇಳಿ. 1973ರಲ್ಲಿ ಫಿಲಿಸ್ ವೆಬ್‌ಸ್ಟಾಡ್ ಅನ್ನುವ ಆರು ವರ್ಷದ ಹುಡುಗಿಗೆ ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿಯನ್ನು ವಸತಿ ಶಾಲೆಯ ಮೊದಲ ದಿನವೇ ಕಿತ್ತುಕೊಂಡ ಕಥೆಯನ್ನು ಅವಳು ನಿಮಗೆ ಹೇಳಲಿ. ನಿಮಗೆ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಇಬ್ಬರೂ ಕೂತು ಹುಡುಕಿ. ಇಷ್ಟ ಇದ್ದರೆ ಗುಂಪಿಗೂ ಬರಲಿ, ಹಿಂಸೆಯ ಹೇಳಿಕೆ ಓದುವ ದಿನ ಮಾತ್ರ ಬೇಡ.

ನಾಲ್ಕೈದು ಸಭೆ ಆದ ಮೇಲೆ ಎಲ್ಲರೂ ಬ್ರ್ಯಾಂಟ್‌ಫರ್ಡಿಗೆ ಹೋಗಿ. ಮಿಸಿಸಾಗಾದಿಂದ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಅಲ್ಲಿ ಮೊಹಾಕ್ ಇನ್‌ಸ್ಟಿಟ್ಯೂಟ್ ಅನ್ನುವ ಹಳೆಯ ವಸತಿ ಶಾಲೆಯ ಕಟ್ಟಡ ಇದೆ. 1970ರಲ್ಲಿ ಮುಚ್ಚಿತು. ಕೆಡವಬೇಕೋ ಉಳಿಸಬೇಕೋ ಅಂತ ಸಿಕ್ಸ್ ನೇಷನ್ಸ್ ಜನರನ್ನು ಕೇಳಿದಾಗ, ಸಾಕ್ಷಿ ಇರಲಿ, ಉಳಿಸಿ ಅಂದರು. ಹಿಂದಿನ ಗೋಡೆಯ ಇಟ್ಟಿಗೆಗಳ ಮೇಲೆ ಮಕ್ಕಳು ಕೆತ್ತಿದ ಹೆಸರುಗಳಿವೆ. ನೋಡಿಕೊಳ್ಳುವವರು ವುಡ್‌ಲ್ಯಾಂಡ್ ಕಲ್ಚರಲ್ ಸೆಂಟರ್. ಸುಮ್ನೆ ಹೋಗಿ ಇಳಿಯಬೇಡಿ, ಗುಂಪಿಗೆ ಅಂತ ಮೊದಲೇ ಬುಕ್ ಮಾಡಿ, ಸೆಲ್ಫಿ ಬೇಡ ಅಂತ ಎಲ್ಲರಿಗೂ ಹೇಳಿ.

ಲೈಬ್ರರಿಯ ಗುಂಪನ್ನೂ ಬಿಡಬೇಡಿ. ಕನ್ನಡದ ಗುಂಪಿನಲ್ಲಿ ಧೈರ್ಯವಾಗಿ ಕೇಳಿದ ಪ್ರಶ್ನೆಗಳನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ. ಖಾಲಿ ಪತ್ರದ ಕಥೆ ಆ ಟೇಬಲ್ಲಿನಲ್ಲಿ ಎಷ್ಟು ಜನರಿಗೆ ಗೊತ್ತಿದೆ ಅಂತ ಮೊದಲು ಅದನ್ನೇ ಕೇಳಿ ನೋಡಿ.